ಆರ್ಜೂ ಆಡಿದ ಗೋಡೆ

ಬೆಳಿಗ್ಗೆ ಬಾಗಿಲು ತೆಗೆದ ಗುರುಶಿದ್ದಪ್ಪನಿಗೆ ತನ್ನ ಕಾಂಪೌಂಡ್ ಗೋಡೆಯ ಮೇಲೆ ಕೆಂಪು ಬಣ್ಣದ ದೊಡ್ಡ ಗೀಟು ಕಂಡಿತು. ರಸ್ತೆ ಅಗಲ ಮಾಡುವವರು ಕೆಡವುವ ಗುರುತು ಎಳೆದು ಹೋಗಿದ್ದರು. ಗೋಡೆ ಬಿದ್ದರೆ ಅದಕ್ಕೆ ಆತು ನಿಂತ ಹಿಟ್ಟಿನ ಗಿರಣಿಯೂ ಬೀಳುತ್ತಿತ್ತು. ಗಿರಣಿ ಬಿಟ್ಟರೆ ಅವನಿಗೆ ಬರುತ್ತಿದ್ದ ಇನ್ನೊಂದೇ ಕೆಲಸ ಮಂದಿಗೆ ಬುದ್ಧಿ ಹೇಳುವುದು. ಕಮರಿಪೇಟೆಯಲ್ಲಿ ಅದನ್ನು ಎಲ್ಲರೂ ಪುಕ್ಕಟೆ ಮಾಡುತ್ತಿದ್ದರು.

"ಚಿಂತಿ ಬಿಡ್ರಿ ಅಣ್ಣಾರ," ಎಂದಳು ಪಕ್ಕದ ಮನೆಯ ರೇಣವ್ವ. "ಸಂಜಿಕ ಆರ್ಜೂ ಬರಾಕತ್ತಾಳ. ಕಾರ್ಪೋರೇಶನ್ ಮೆಂಬರ್ ರಾಜೇಶ್ವರಿ ಅಕ್ಕಾರು ಓಣ್ಯಾಗ ಸತ್ಕಾರ ಇಟ್ಟಾರ. ಆರ್ಜೂ ಟೆನಿಸ್ ಕಲ್ತಿದ್ದು ಈ ಗ್ವಾಡಿಗೆ ಚೆಂಡ ಬಡದು. ಇಂಥಾ ಗ್ವಾಡಿ ಕೆಡವಾಕ ಯಾರಿಗೆ ಧೈರ್ಯಾ ಬರ್ತೈತ್ರಿ?"

ಅದು ನಿಜವೇ. ಮೆಕ್ಯಾನಿಕ್ ಅಬ್ದುಲಮಜೀದನ ಮಗಳು ಆರ್ಜೂಗೆ ಚಿಕ್ಕಂದಿನಲ್ಲಿ ಈ ಗೋಡೆಯೇ ಎದುರಾಳಿ. "ರೊಟ್ಟಿ ಬಡಿಯೂದ ಬಿಟ್ಟು ಗ್ವಾಡಿ ಬಡೀತೈತಿ ನೋಡ್ರಿ ಹುಡುಗಿ!" ಎಂದು ಗುರುಶಿದ್ದಪ್ಪ ಓಣಿಗೆಲ್ಲ ಕೇಳುವಂತೆ ಒದರುತ್ತಿದ್ದ. ಗೋಡೆ ದಾಟಿ ಬಂದ ಒಂದು ಚೆಂಡನ್ನೂ ಮರಳಿ ಕೊಟ್ಟವನಲ್ಲ. ಅವಳು ಬಸ್ಸು ಹಿಡಿದು ಧಾರವಾಡದ ಟೆನಿಸ್ ಕೋರ್ಟಿಗೆ ಹೋಗತೊಡಗಿದಾಗ ರೇಣವ್ವ ಅವಳ ಸ್ಕರ್ಟನ್ನು ಕಣ್ಣಲ್ಲೇ ಅಳೆದಳು. ಮೊದಲ ಫೈನಲ್ ಸೋತಾಗ ಓಣಿ ಸಮಾಧಾನದಿಂದ ನಿದ್ದೆ ಮಾಡಿತು. ಮೊಣಕಾಲಿನ ಆಪರೇಶನ್ ಆದಾಗ ಸತ್ತೂರಿನ ಆಸ್ಪತ್ರೆಗೆ ಬಾಳೆಹಣ್ಣು ಒಯ್ದು, "ಇನ್ನ ಲಗ್ನಾ ಮಾಡಿಬಿಡ್ರಿ" ಎಂದು ಹೇಳಿ ಬಂದಿತು. ಮೊನ್ನೆ ಅವಳು ರಾಷ್ಟ್ರೀಯ ಮಹಿಳಾ ಚಾಂಪಿಯನ್ ಆದಳು. ಮರುದಿನದಿಂದ ಎಲ್ಲರ ಬಾಯಲ್ಲೂ 'ನಮ್ಮ ಆರ್ಜೂ'.

ತೊಡಕು ಒಂದೇ. ಹೋದ ತಿಂಗಳು ಗುರುಶಿದ್ದಪ್ಪ ಗೋಡೆಗೆ ಸುಣ್ಣ ಹೊಡೆಸಿ ಚೆಂಡಿನ ಕಲೆಗಳನ್ನೆಲ್ಲ ಅಳಿಸಿಬಿಟ್ಟಿದ್ದ.

"ಕಲಿ ಇಲ್ಲದ ಯಾರ ನಂಬ್ತಾರ? ಹೊಸಾವ ಮಾಡ್ರಿ," ಎಂದಳು ರೇಣವ್ವ.

ಗುರುಶಿದ್ದಪ್ಪ ಗಿರಣಿಯ ಅಟ್ಟದಿಂದ ಹಳೆಯ ಚೆಂಡುಗಳ ಚೀಲ ಇಳಿಸಿ, ಒಂದನ್ನು ಕೆಮ್ಮಣ್ಣಿನ ರಾಡಿಯಲ್ಲಿ ಅದ್ದಿ ಎಸೆದ.

"ದೇವರಿಗೆ ಹೂವಾ ಏರಸಾಕತ್ತೀರೇನು? ಜೋರ್ ಒಗೀರಿ!"

ಜೋರಾಗಿ ಎಸೆದದ್ದು ಆರ್ಜೂಳ ತಾಯಿ ಅಬೀದಾ ಮಾಳಿಗೆಯ ಮೇಲೆ ಒಣಹಾಕಿದ್ದ ಶಾವಿಗೆಯಲ್ಲಿ ಹೂತಿತು. ಮುಂದಿನದು ರೇಣವ್ವನ ಮೊಸರಿನ ಗಡಿಗೆ ಒಡೆಯಿತು. ಅಲ್ಲಿಗೆ ಅವಳ ಕ್ರೀಡಾಪ್ರೇಮ ಮುಗಿಯಿತು. ಅದರ ಮುಂದಿನದು ಗೋಡೆಗೆ ಬಡಿದು ತಿರುಗಿ ಬಂದು ಗುರುಶಿದ್ದಪ್ಪನ ಹಣೆಯ ಮೇಲೆ ಕೆಂಪು ಮುದ್ರೆ ಒತ್ತಿತು. ಅದು ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋಡೆ ತುದಿಯವರೆಗೂ ಮೈತುಂಬ ಸಿಡುಬು ಎದ್ದಂತೆ ಕಾಣುತ್ತಿತ್ತು.

ಸಂಜೆ ಸತ್ಕಾರ. ಫ್ಲೆಕ್ಸಿನಲ್ಲಿ ಮೆಂಬರ್ ರಾಜೇಶ್ವರಿಯ ಮುಖ ಚಕ್ಕಡಿ ಗಾಲಿಯಷ್ಟು, ಚಾಂಪಿಯನ್ ಮುಖ ಹಪ್ಪಳದಷ್ಟು. ಆರ್ಜೂ ಗೋಡೆ ನೋಡಿದಳು, ಗುರುಶಿದ್ದಪ್ಪನ ಹಣೆ ನೋಡಿದಳು, ಮೈಕ್ ಹಿಡಿದಳು.

"ಕಾಕಾ, ನಾ ಈ ಕಲಿ ಇದ್ದಷ್ಟ ಮ್ಯಾಲ ಹೊಡದ್ರ ಚೆಂಡ ನಿಮ್ಮ ಅಂಗಳಕ್ಕ ಬೀಳ್ತಿತ್ತು. ಬಿದ್ದದ್ದು ತಿರುಗಿ ಬರ್ತಿದ್ದಿಲ್ಲ."

ಜನ ನಕ್ಕರು. ಗುರುಶಿದ್ದಪ್ಪ ಅಂಗೈಯಿಂದ ಹಣೆ ಮುಚ್ಚಿಕೊಂಡ.

"ಆದ್ರ ಒಂದ ಖರೇ. ನಿಮ್ಮ ಕೈಗೆ ಚೆಂಡ ಸಿಗಬಾರದಂತ ಹದಾ ಹಿಡದು ಹೊಡಿಯೂದ ಕಲತೆ. ಈ ಗ್ವಾಡಿನ ನನ್ನ ಮೊದಲನೇ ಕೋರ್ಟ್."

ಚಪ್ಪಾಳೆಯೋ ಚಪ್ಪಾಳೆ. ಗುರುಶಿದ್ದಪ್ಪ ಮೈಕ್ ಕಸಿದುಕೊಂಡ. "ಅಕ್ಕಾರ, ಈ ಗ್ವಾಡಿ ಉಳಿಸ್ರಿ! ಇದು ಓಣಿ ಮಾನಾ!"

"ಉಳಿಸ್ತೇನ್ರಿ!" ಎಂದಳು ರಾಜೇಶ್ವರಿ. "ಒಂದ ಇಟ್ಟಂಗಿ ಅಳಗ್ಯಾಡಾಕ ಬಿಡಂಗಿಲ್ಲ. ಚನ್ನಮ್ಮನ ಸರ್ಕಲ್ ನೋಡ್ರಿ, ಮೂರ್ತಿ ನಡುವ, ಗಾಡಿ ಸುತ್ತಲೂ. ಹಂಗ ಈ ಗ್ವಾಡಿನೂ ರಸ್ತೆದ ನಟ್ಟನಡುವ ನಿಲ್ಲಸೋಣು. ಈ ಕಡೆ ಹೋಗೂ ದಾರಿ, ಆ ಕಡೆ ಬರೂ ದಾರಿ!"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಗುರುಶಿದ್ದಪ್ಪ. 'ಆ ಕಡೆ' ಇರುವುದು ತನ್ನ ಗಿರಣಿ ಎಂದು ಹೊಳೆಯುವಷ್ಟರಲ್ಲಿ ರಸ್ತೆ ಕೆಲಸದವನೊಬ್ಬ ಬಣ್ಣದ ಡಬ್ಬಿ ಹಿಡಿದು ಅಂಗಳಕ್ಕೆ ಬಂದು, ಗಿರಣಿಯ ಬಾಗಿಲ ಮೇಲೆ ಕೆಂಪು ಗೀಟು ಎಳೆಯತೊಡಗಿದ್ದ.

"ಗ್ವಾಡಿ ಉಳೀತಲ್ರಿ ಅಣ್ಣಾರ," ಎಂದಳು ರೇಣವ್ವ, ಒಡೆದ ಗಡಿಗೆಯನ್ನು ನೆನೆದು.

ಕಾರು ಹತ್ತುವ ಮುಂಚೆ ಆರ್ಜೂ ತಿರುಗಿ ನಿಂತಳು. "ಕಾಕಾ, ಗಿರಣಿ ಕೆಡವೂ ಮುಂದ ನನ್ನ ಚೆಂಡ ಸಿಕ್ರ ಅಮ್ಮೀ ಕೈಯಾಗ ಕೊಡ್ರಿ."