ಆರು ಹಸಿರು ತಂತಿಗಳು

ಕಂಪ್ಯೂಟರಿನ ಪರದೆಗೆ ಚಿತ್ರ ಮೂಡಿಸುವ ಹಳೆಯ ಗ್ರಾಫಿಕ್ಸ್ ಕಾರ್ಡು ಸಂಗ್ರಹಿಸುವುದು ಹುಚ್ಚು ಎನ್ನುವವರಿಗೆ ನಾನು ಮೂರು ಅಂಶಗಳಲ್ಲಿ ಉತ್ತರ ಕೊಡಬಲ್ಲೆ. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಸ್ಟೀಲ್ ಡಬ್ಬಿಗಳಲ್ಲೇ ನಮ್ಮವ್ವ ಬೇಳೆ ತುಂಬಿಡುವುದು. ಆದರೆ ಅವ್ವನೇ ಎದುರಾಳಿಯಾದರೆ?

"ಇದನ್ನ ಹಾಕಿದ್ರ ಕಂಪ್ಯೂಟರ್ ನಡೀತೈತೇನು?"

"ಇಲ್ಲಬೇ. ನಡೀಲಾರದ್ದಕ್ಕ ಬೆಲಿ!"

"ಹಂಗಾದ್ರ ನಿಮ್ಮ ಕಾಕಾಗೂ ಭಾಳ ಬೆಲಿ ಬರತೈತಿ ತಗೋ."

ಈ ಕಾರ್ಡು ಸಿಕ್ಕಿದ್ದು ಬಾಗಲಕೋಟೆಯ ಗುಜರಿ ಅಂಗಡಿಯಲ್ಲಿ, ಸತ್ತ ಕಂಪ್ಯೂಟರೊಂದರ ಹೊಟ್ಟೆಯಲ್ಲಿ. ಕಂಪ್ಯೂಟರ್ ಆಟಗಳು ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲದ್ದು. ಹಿಂಬದಿಯಲ್ಲಿ ಕೈಯಿಂದ ಬೆಸುಗೆ ಹಾಕಿದ ಆರು ಹಸಿರು ತಂತಿಗಳು. ಮಾರುಕಟ್ಟೆಗೆ ಬರುವ ಮುನ್ನ ಪ್ರಯೋಗಕ್ಕೆಂದು ಮಾಡಿದ ಕಾರ್ಡು ಇದು ಎನ್ನಲು ಆ ತಂತಿಗಳೇ ಸಾಕ್ಷಿ. ಅವು ಇದ್ದರೆ ಅಪರೂಪ; ಇಲ್ಲದಿದ್ದರೆ ಗುಜರಿ!

ಬಾದಾಮಿ ನೋಡಲು ಬಂದಿದ್ದ ಹುಬ್ಬಳ್ಳಿಯ ಹಿರಿಯ ಸಂಗ್ರಾಹಕ ದೇಸಾಯಿಯವರು ನಮ್ಮೂರು ಇಳಕಲ್ಲಿಗೂ ಬರಲು ಒಪ್ಪಿದರು. ನನ್ನದು ಅಸಲಿಯಾದರೆ, ನಾನು ಎರಡು ವರ್ಷದಿಂದ ಬೇಡುತ್ತಿದ್ದ ಅವರ ಬಳಿಯ ಅಂಥದೇ ಪ್ರಯೋಗದ ಕಾರ್ಡೊಂದನ್ನು ಬದಲಿಗೆ ಕೊಡುವುದಾಗಿ ಮಾತು.

ಅವರನ್ನು ಬಸ್ ಸ್ಟ್ಯಾಂಡಿನಿಂದ ಕರೆತರಲು ಹೊರಟವನು ಕಾರ್ಡನ್ನು ಅಪ್ಪನ ಕೈಗೆ ಕೊಟ್ಟೆ. ಜೀವನವಿಡೀ ಸೀರೆ ನೇಯ್ದವರಿಗೆ ತಿಳಿಯುವ ಭಾಷೆಯಲ್ಲೇ ಹೇಳಿದೆ.

"ಯಪ್ಪಾ, ದೊಡ್ಡ ಗಿರಾಕಿ ಬರಾಕತ್ತಾರ. ಇದನ್ನ ನೀ ನೇಯ್ದ ಸೀರಿ ಇದ್ದಂಗ ನೋಡ್ಕೋ."

"ಚಿಂತಿ ಬಿಡಲೇ. ಗಿರಾಕಿ ಬಾಯಿ ತಗೀಬಾರ್ದು, ಹಂಗ ಇಡ್ತೇನಿ."

ಎಂಥ ಸಮರ್ಥ ಸಂವಹನ!

ಬಂದ ದೇಸಾಯಿಯವರು ಕಾರ್ಡನ್ನು ಎರಡೂ ಕೈಯಿಂದೆತ್ತಿ ತಿರುವಿದರು. ನಿಜಕ್ಕೂ ಬಾಯಿ ತೆಗೆಯಲಿಲ್ಲ. ನಾನು ತೆಗೆದೆ.

"ಯಪ್ಪಾ, ತಂತಿ ಎಲ್ಲಿ?"

"ಆ ಆರು ಎಳೀನ? ಬುಡಕ್ಕ ಕತ್ತರಿಸಿ ತಗದೆ. ಗಿರಾಕಿ ಮೊದಲ ಹಿಂದಿನ ಬಾಜು ತಿರುವಿ ನೋಡ್ತಾರಪಾ. ಎಳಿ ಜೋತಾಡಿದ್ರ ಮನಿತನದ ಹೆಸರು ಹೋಗ್ತೈತಿ!"

"ಮತ್ತ ಬೆಸಿಗಿ ಹಾಕ್ತೇನ್ರಿ ಸರ್!"

"ನೀ ಹಾಕಿದ್ರ ಅದು ನೀ ಮಾಡಿದ ಕಾರ್ಡ್ ಆಕ್ಕೈತಿ," ಎಂದರು ದೇಸಾಯಿ.

ನಾನು ಎದ್ದು ನಿಂತು ಮಂಡಿಸಿದೆ: "ಹೊಕ್ಕುಳಬಳ್ಳಿ ಕತ್ತರಿಸಿದ್ರ ಕೂಸು ಹುಟ್ಟಿದ್ದ ಸುಳ್ಳಾಗ್ತೈತೇನ್ರಿ?"

"ವಾದ ಛಲೋ ಐತಿ. ಕಾರ್ಡ್ ಹ್ವಾತು."

ಸಮಾಧಾನಕ್ಕೆಂದು ಅವರು ತಮ್ಮ ಕಾರ್ಡನ್ನು ಚೀಲದಿಂದ ತೆಗೆದು ತೋರಿಸಿದರು. ಹಿಂಬದಿಯಲ್ಲಿ ಒಂಬತ್ತು ಕೆಂಪು ತಂತಿ, ಒಂದಕ್ಕಿಂತ ಒಂದು ಸುಂದರ! ನನಗೆ ಕಣ್ಣೀರೇ ಬಂತು. ಅಪ್ಪನೂ ಬಗ್ಗಿ ನೋಡಿದರು.

"ಅಯ್ಯ, ಇದ್ರಾಗೂ ಉಳದಾವಲ್ರಿ ಎಳಿ! ಕೊಡ್ರಿ ಇಲ್ಲೆ, ಎರಡ ನಿಮಿಷದ ಕೆಲಸ."

ಅಪ್ಪನ ಕೈಯಲ್ಲಿ ಕತ್ತರಿ ಆಗಲೇ ಬಾಯಿ ತೆರೆದಿತ್ತು. ದೇಸಾಯಿಯವರು ಚೀಲವನ್ನು ಎದೆಗವಚಿಕೊಂಡು, ಅರ್ಧ ಚಹಾ ಅಲ್ಲೇ ಬಿಟ್ಟು, ಹೊರಬಿದ್ದು, ಒಂದು ಚಪ್ಪಲಿಯನ್ನು ಬೀದಿಯಲ್ಲಿ ಮೆಟ್ಟಿಕೊಂಡರು.

"ಸರ್, ನನ್ನ ಎರಡನೇ ಅಂಶ..." ಎನ್ನುತ್ತ ನಾನು ಅವರ ಹಿಂದೆ ಓಡಿದೆ. ಎದುರಾಳಿಯೇ ಇಲ್ಲದ ಚರ್ಚೆಯಲ್ಲೂ ಸೋಲಬಹುದೆಂದು ಗೊತ್ತಾಗಿದ್ದು ಅವತ್ತೇ!