ಗುಟುಕರಿಸುವ ಬಾನಿ

ಆ ಬೆಳಿಗ್ಗೆ ಅತ್ತೆ ಅಟ್ಟದಿಂದ ಮರದ ಬಾನಿಯನ್ನು ಇಳಿಸದೆ ಹೋಗಿದ್ದರೆ ದೊಡ್ಡಳಿಯನ ಬದುಕು ಇದ್ದ ಹಾಗೇ ಇರುತ್ತಿತ್ತು. ಅಂದರೆ, ತಕ್ಕಮಟ್ಟಿಗೆ ಕೆಟ್ಟದಾಗಿ.

ಬಾನಿ ಹಳೆಯದು. ಅಗಲ ಬಾಯಿ, ಸುತ್ತ ಕಬ್ಬಿಣದ ಪಟ್ಟಿ, ಒಳಗೆ ಕೈಯಿಟ್ಟರೆ ಕೈ ಕಾಣದಷ್ಟು ಕಪ್ಪು. ಕಣಿವೆಯ ವೈನರಿಗಳವರೆಲ್ಲ ವರ್ಷಕ್ಕೊಂದು ಸಂಜೆ ತಮ್ಮ ತಮ್ಮ ಕೆಂಪು ವೈನ್ ಹಿಡಿದುಕೊಂಡು ಈ ಮನೆಯ ನಡುಮನೆಗೆ ಬರುವುದು ಲಾಗಾಯ್ತಿನಿಂದ ನಡೆದುಬಂದಿತ್ತು. ಪಟ್ಟಣದ ವ್ಯಾಪಾರಿ ಒಂದೊಂದನ್ನೂ ಬಾಯಲ್ಲಿ ಹೊರಳಾಡಿಸಿ ಉಗುಳಿ, ಕೊನೆಗೆ ಒಂದು ಮನೆಯ ವೈನನ್ನು ಖರೀದಿಗೆ ಆರಿಸುತ್ತಿದ್ದ. ರುಚಿ ನೋಡುವವರು ನುಂಗುವಂತಿಲ್ಲ. ನುಂಗುತ್ತ ಹೋದರೆ ಸ್ವಲ್ಪ ಹೊತ್ತಿಗೆ ಎಲ್ಲರ ವೈನೂ ಚೆನ್ನಾಗಿಯೇ ಇರುತ್ತದೆ. ಅದಕ್ಕೇ ಬಾನಿ. ಮಾವ ಬದುಕಿದ್ದಷ್ಟು ಕಾಲ ಅದನ್ನು ಮೂಲೆಯಲ್ಲಿಟ್ಟುಕೊಂಡು ಪಕ್ಕದ ಸ್ಟೂಲಿನ ಮೇಲೆ ತಾವೇ ಕೂರುತ್ತಿದ್ದರು. ಮಾವ ಹೋಗಿ ವರ್ಷ ತುಂಬುತ್ತ ಬಂದಿತ್ತು. ಅವರಿಲ್ಲದೆ ನಡೆಯುವ ಮೊದಲ ಸಂಜೆ ಇದು.

“ಅತ್ತೆ, ಅದು ಬೇಡ. ಹೊಸ ಸ್ಟೀಲ್ ಬಕೆಟ್ ತಂದಿದೀನಿ ನೋಡಿ. ಮುಖ ಕಾಣತ್ತೆ ಅದರಲ್ಲಿ” ಅಂದ ದೊಡ್ಡಳಿಯ.

“ಉಗುಳೋರಿಗೆ ಮುಖ ಯಾಕೆ ಕಾಣಬೇಕು ಅಳಿಯಂದ್ರೇ? ಇದೇ ಇರ್ಲಿ.”

ಅತ್ತೆ ಬಾನಿಯನ್ನು ಮೂಲೆಗೆ ಒಯ್ದಿಟ್ಟು, ಮಗುವನ್ನು ಮಲಗಿಸುವವರ ಹಾಗೆ ಒಂದಿಷ್ಟು ಅತ್ತ, ಒಂದಿಷ್ಟು ಇತ್ತ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೋದರು. ನಡೆದಾಗ ಅವರ ಸೊಂಟದಲ್ಲಿ ನೆಲಮಾಳಿಗೆಯ ಬೀಗದ ಕೈ ಸದ್ದು ಮಾಡುತ್ತಿತ್ತು. ದೊಡ್ಡಳಿಯನ ಪ್ರಾಣವೆಲ್ಲ ಆ ಸದ್ದಿನಲ್ಲಿತ್ತು.

ಯಾಕೆಂದರೆ ಅತ್ತೆ ಹಿಂದಿನ ವಾರವೇ ಮಾತು ಮುಗಿಸಿದ್ದರು. “ಈ ಸಲ ನಮ್ಮ ಮನೆ ವೈನನ್ನ ಆರಿಸಿದ್ರೆ ಬೀಗದ ಕೈ ನಿಮ್ಮದು. ಇಲ್ಲ ಅಂದ್ರೆ ಚಿಕ್ಕಳಿಯಂದ್ರಿಗೆ ಕೊಡ್ತೀನಿ. ನೀವು ಅವರ ಕೈಕೆಳಗೆ ಪೀಪಾಯಿ ತೊಳ್ಕೊಂಡಿರಿ.”

ಚಿಕ್ಕಳಿಯ ಎಂದರೆ ಇವನ ಷಡ್ಡಕ. ಹಳ್ಳದಾಚೆ ಸ್ವಂತ ವೈನರಿ ಮಾಡಿಕೊಂಡಿದ್ದವನು. ಅವನ ಕೈಕೆಳಗೆ ಪೀಪಾಯಿ ತೊಳೆಯುವುದಕ್ಕಿಂತ ಪೀಪಾಯಿಯೊಳಗೇ ಇದ್ದುಬಿಡುವುದು ಮೇಲು ಎಂದು ದೊಡ್ಡಳಿಯನಿಗೆ ಅನ್ನಿಸಿತ್ತು. ಈ ವರ್ಷದ ವೈನನ್ನು ಅವನು ತನ್ನ ಕೈಯಿಂದಲೇ ಮಾಡಿದ್ದ. ಕೊಯ್ಲಿನ ದಿನದಿಂದ ಹಿಡಿದು ಸೋಸುವ ತನಕ ಯಾರೂ ಮುಟ್ಟಲು ಬಿಟ್ಟಿರಲಿಲ್ಲ. ವೈನಿನಲ್ಲಿ ತಪ್ಪು ಹುಡುಕಲು ಸಾಧ್ಯವಿರಲಿಲ್ಲ. ಕುಡಿದ ಮೇಲೆ ಕುಡಿದದ್ದು ನೆನಪಿರಲೂ ಸಾಧ್ಯವಿರಲಿಲ್ಲ. ಈ ಎರಡನೆಯ ಸಂಗತಿ ಅವನನ್ನು ರಾತ್ರಿಯೆಲ್ಲ ಮಗ್ಗುಲು ಬದಲಿಸುವಂತೆ ಮಾಡುತ್ತಿತ್ತು.

ಸಂಜೆಯಾಯಿತು. ನಡುಮನೆಯ ಸೂರು ತಗ್ಗು, ನೆಲಕ್ಕೆ ಹಲಗೆ, ಹಲಗೆಯ ಕೆಳಗೆ ನೆಲಮಾಳಿಗೆ. ದೀಪ ಮೇಜಿನ ಮೇಲೆ ಮಾತ್ರ ಬೀಳುವ ಹಾಗೆ ಇಳಿಬಿಟ್ಟಿತ್ತು. ಮೂಲೆಗಳನ್ನೆಲ್ಲ ಕತ್ತಲೆಗೆ ಬಿಟ್ಟುಕೊಟ್ಟಿತ್ತು. ಬಂದವರು ಒಬ್ಬೊಬ್ಬರಾಗಿ ಖಾಲಿ ಸ್ಟೂಲನ್ನು ನೋಡಿ ಗಂಟಲು ಸರಿಮಾಡಿಕೊಂಡು ದೂರ ಕೂತರು. ಗುಡ್ಡದ ತೋಟದ ಒಡತಿ ಗುಡ್ಡದಕ್ಕ, ಹೊಳೆಯ ದಂಡೆಯ ವೈನರಿಯ ಹೊಳೆಯಜ್ಜ, ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದ ಷಡ್ಡಕ, ಎಲ್ಲರ ನಡುವೆ ಕಡ್ಡಿಯಂತಹ ವ್ಯಾಪಾರಿ.

ಮೊದಲು ಗುಡ್ಡದಕ್ಕನ ವೈನು. ವ್ಯಾಪಾರಿ ಲೋಟವನ್ನು ದೀಪಕ್ಕೆ ಹಿಡಿದ, ಮೂಸಿದ, ಒಂದು ಗುಟುಕು ಎಳೆದು ಕೆನ್ನೆಯಿಂದ ಕೆನ್ನೆಗೆ ತಿರುಗಿಸಿದ. ಎದ್ದು ಮೂಲೆಗೆ ಹೋಗಿ ಬಾನಿಗೆ ಉಗುಳಿ ಬಂದ. ಮಿಕ್ಕವರೂ ಸಾಲಾಗಿ ಹೋಗಿ ಉಗುಳಿದರು.

“ಬಿಸಿಲು ಜಾಸ್ತಿ ಕುಡಿದಿದೆ” ಎಂದು ವ್ಯಾಪಾರಿ ಶುರು ಮಾಡಿದ.

ಮೂಲೆಯಿಂದ ಒಂದು ಸದ್ದು ಬಂತು. ಗುಳಕ್.

ಎಲ್ಲರೂ ಮೂಲೆಯ ಕಡೆ ತಿರುಗಿದರು. ಬಾಯಾರಿದ ಮುದುಕನೊಬ್ಬ ಯಾರಿಗೂ ಕಾಣದ ಹಾಗೆ ಗುಟುಕು ನುಂಗಿದಂತಿತ್ತು ಆ ಸದ್ದು.

“ಯಾರು ನುಂಗಿದ್ದು?” ಅಂದಳು ಗುಡ್ಡದಕ್ಕ ಮೆಲ್ಲಗೆ.

ಯಾರೂ ನುಂಗಿರಲಿಲ್ಲ. ಎಲ್ಲರೂ ಬಾಯಿ ತೆರೆದು ತೋರಿಸಲು ಸಿದ್ಧರಿದ್ದರು.

“ಇಲಿ ಇರಬೇಕು” ಅಂದ ದೊಡ್ಡಳಿಯ. ವೈನರಿಯಲ್ಲಿ ಇಲಿ ಇದೆ ಎಂದು ವ್ಯಾಪಾರಿಯ ಮುಂದೆ ಹೇಳಿದೆನಲ್ಲ ಎಂದು ತಕ್ಷಣ ಹೊಳೆದು, “ನಮ್ಮದಲ್ಲ, ಪಕ್ಕದ ಮನೇದು” ಎಂದು ಸೇರಿಸಿದ. ಪಕ್ಕದಲ್ಲಿ ಮನೆಯೇ ಇರಲಿಲ್ಲ.

ಎರಡನೆಯದು ಹೊಳೆಯಜ್ಜನ ವೈನು. ಉಗುಳಿದರು, ಕಾದರು. ಗುಳಕ್. ಗುಳಕ್. ಹೊಳೆಯಜ್ಜ ಎದ್ದು, ಟಾರ್ಚು ತರಿಸದೆ, ಬಗ್ಗಿ ಬಾನಿಯೊಳಗೆ ಕೈಬಿಟ್ಟ. ಕೈ ಆಚೆ ಬಂದಾಗ ಬರೀ ಒದ್ದೆಯಾಗಿತ್ತು.

“ಖಾಲಿ ಇದೆ” ಅಂದ. “ಇಷ್ಟು ಜನ ಉಗುಳಿದ್ದು ಎಲ್ಲಿ ಹೋಯ್ತು?”

ನಡುಮನೆಯಲ್ಲಿ ಗಾಳಿ ಇರಲಿಲ್ಲ. ಆದರೂ ದೀಪದ ಸರಪಳಿ ಸಣ್ಣಗೆ ತೂಗಿತು. ಹೊಳೆಯಜ್ಜ ಖಾಲಿ ಸ್ಟೂಲನ್ನು ದಿಟ್ಟಿಸಿ ನೋಡಿದ. ಅವನೂ ಮಾವನೂ ಚಿಕ್ಕಂದಿನ ಗೆಳೆಯರು.

“ಕೊನೇ ದಿನಗಳಲ್ಲಿ ಏನೂ ಇಳೀತಿರಲಿಲ್ಲ ಪಾಪ, ಗಂಟಲಲ್ಲಿ” ಅಂದ. “ಈಗ ಇಳೀತಿದೆ.”

ಅಷ್ಟೇ ಸಾಕಾಯಿತು. ಗುಡ್ಡದಕ್ಕ ಎದ್ದು ಸ್ಟೂಲಿಗೆ ಬೆನ್ನಾಗದ ಹಾಗೆ ಕುರ್ಚಿ ತಿರುಗಿಸಿಕೊಂಡಳು. ವ್ಯಾಪಾರಿ ಮಾತ್ರ ನಕ್ಕ. ಆದರೆ ನಕ್ಕಾದ ಮೇಲೆ ಕೋಟಿನ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡ. ಹೊಳೆಯಜ್ಜನಿಗೆ ಈಗ ಧೈರ್ಯ ಬಂದು, ಗೆಳೆಯನನ್ನು ಮಾತಾಡಿಸತೊಡಗಿದ.

“ಏನಯ್ಯಾ, ನನ್ನದು ಹೇಗಿತ್ತು? ಎರಡು ಸಲ ನುಂಗಿದೆಯಲ್ಲ.”

ಗುಳಕ್, ಅಂದಿತು ಬಾನಿ.

“ಮೂರು” ಅಂದ ಹೊಳೆಯಜ್ಜ ಎಲ್ಲರ ಕಡೆ ತಿರುಗಿ. “ಕೇಳಿಸ್ಕೊಂಡ್ರಲ್ಲ. ಗುಡ್ಡದ್ದು ಬರೀ ಒಂದು.”

“ಸತ್ತೋರ ಸಾಕ್ಷಿ ತಗೊಂಡು ವ್ಯಾಪಾರ ಮಾಡ್ತೀಯಾ ಅಜ್ಜಾ?” ಅಂದಳು ಗುಡ್ಡದಕ್ಕ. ಅವಳ ದನಿ ನಡುಗಿದ್ದು ಹೆದರಿಕೆಗೋ ಹೊಟ್ಟೆಕಿಚ್ಚಿಗೋ ಹೇಳುವುದು ಕಷ್ಟವಿತ್ತು.

ದೊಡ್ಡಳಿಯ ಬೆವರತೊಡಗಿದ್ದ. ತನ್ನ ವೈನ್ ಕೊನೆಯದು. ಬದುಕಿದ್ದಾಗ ಮಾವ ಅವನ ಕೆಲಸವನ್ನು ಹೊಗಳಿದವರಲ್ಲ. ಸತ್ತ ಮೇಲೆ ಊರವರ ಮುಂದೆ ಏನು ಮಾಡಿಯಾರೋ. ಬಾನಿಯನ್ನು ಹೊರಗೆ ಸಾಗಿಸಿ ಸ್ಟೀಲ್ ಬಕೆಟ್ ಇಡೋಣವೆಂದು ಎದ್ದ. ಬಾಗಿಲಲ್ಲಿ ನಿಂತಿದ್ದ ಅತ್ತೆ ಬೇಡವೆಂದು ತಲೆಯಾಡಿಸಿದರು. ಅವನು ಕೂತ.

ಮೂರನೆಯದು ಷಡ್ಡಕನ ವೈನು. ಗಾಢ ಕೆಂಪು, ತಳದಲ್ಲಿ ದ್ರಾಕ್ಷಿ ಸಿಪ್ಪೆಯ ಚೂರು. ವ್ಯಾಪಾರಿಯ ಹುಬ್ಬು ಮೇಲೇರಿತು. ದೊಡ್ಡಳಿಯನ ಎದೆ ಕೆಳಗಿಳಿಯಿತು. ಎಲ್ಲರೂ ಉಗುಳಿದರು. ಎಲ್ಲರೂ ಕಿವಿಗೊಟ್ಟರು.

ಸದ್ದಿಲ್ಲ.

ಇನ್ನೂ ಸ್ವಲ್ಪ ಹೊತ್ತು ಕಾದರು. ನಡುಮನೆ ಹೆಣವಿಟ್ಟ ಮನೆಯಂತಾಯಿತು.

“ಬೇಡ ಅಂತಿದ್ದಾನೆ” ಎಂದು ಹೊಳೆಯಜ್ಜ ಪಿಸುಗುಟ್ಟಿದ.

“ಬೇಡ ಅನ್ನೋಕೆ ಅವರ್ಯಾರು?” ಷಡ್ಡಕನ ಮುಖ ಅವನ ವೈನಿನ ಬಣ್ಣಕ್ಕೆ ತಿರುಗಿತು. “ಇದೆಲ್ಲ ಅಣ್ಣನ ಆಟ. ಬಾನಿಯೊಳಗೆ ಏನೋ ಇಟ್ಟಿದಾನೆ.”

“ನಾನೇನು ಇಡೋದು ಮಾರಾಯಾ? ನನಗೇ ಕೈಕಾಲು ಆಡ್ತಿಲ್ಲ.”

ಷಡ್ಡಕ ಮಂಡಿಯೂರಿ ಬಾನಿಯೊಳಕ್ಕೆ ತಲೆ ಹಾಕಿದ. ಅಗಲ ಬಾಯಿಯ ಬಾನಿಯಾದ್ದರಿಂದ ತಲೆಯ ಜೊತೆಗೆ ಭುಜವೂ ಹೋಯಿತು. “ಏನೂ ಕಾಣ್ಸಲ್ಲ” ಎಂಬ ಮಾತು ಬಾವಿಯಿಂದ ಬಂದಂತೆ ಕೇಳಿಸಿತು. ಅವನು ತಳವನ್ನು ಬೆರಳಿನಿಂದ ಕೆರೆದದ್ದೂ ಕೇಳಿಸಿತು. ಆಮೇಲೆ ಬಾನಿ ತೇಗಿತು.

ಅದು ಗುಟುಕಲ್ಲ, ಉಂಡು ತೃಪ್ತನಾದ ದೊಡ್ಡ ಮನುಷ್ಯನ ನಿಧಾನವಾದ, ಆಳವಾದ ತೇಗು. ಷಡ್ಡಕ ತಲೆ ಎತ್ತಿದ ರಭಸಕ್ಕೆ ಸ್ಟೂಲು ಉರುಳಿತು. ಮೀಸೆಯಿಂದ ಎಲ್ಲರ ವೈನೂ ತೊಟ್ಟಿಕ್ಕುತ್ತಿತ್ತು. ಅವನು ಗೋಡೆಗೆ ಒರಗಿ ನಿಂತವನು ಆ ಸಂಜೆಯೆಲ್ಲ ಮತ್ತೆ ಬಾಯಿ ಬಿಡಲಿಲ್ಲ.

“ಇನ್ನು ಮನೆಯವರದು” ಅಂದ ವ್ಯಾಪಾರಿ. ಅವನಿಗೆ ಬೇಗ ಮುಗಿಸಿ ಹೊರಡಬೇಕಾಗಿತ್ತು.

ಮನೆಯ ವೈನನ್ನು ಸೀಸೆಯಿಂದ ಕೊಡುವ ಪದ್ಧತಿಯಿರಲಿಲ್ಲ. ನೆಲಮಾಳಿಗೆಯ ಚಿಕ್ಕ ಪೀಪಾಯಿಯಿಂದ ಆಗಷ್ಟೇ ಹಿಡಿದು ತರಬೇಕು. ಅತ್ತೆ ಬೀಗದ ಕೈ ಬಿಚ್ಚಿಕೊಟ್ಟರು. “ತಿರುಗಿ ಕೊಡೋದು ಮರೀಬೇಡಿ” ಅಂದರು.

ದೊಡ್ಡಳಿಯ ಒಂದು ಕೈಯಲ್ಲಿ ಹೂಜಿ, ಒಂದು ಕೈಯಲ್ಲಿ ಟಾರ್ಚು ಹಿಡಿದು ಮೆಟ್ಟಿಲಿಳಿದ. ಹಳೆಯ ಟಾರ್ಚು ಅರ್ಧ ದಾರಿಯಲ್ಲಿ ಕಣ್ಣು ಮುಚ್ಚಿತು. ಕೆಳಗೆ ತಂಪು ಗೋಡೆಯಿಂದ ಬರುತ್ತಿರಲಿಲ್ಲ, ಯಾರೋ ಉಸಿರು ಬಿಡುವಂತೆ ಬಿಟ್ಟು ಬಿಟ್ಟು ಬರುತ್ತಿತ್ತು. ಬಾಗಿಲಿಂದ ಇಳಿದ ಮಬ್ಬು ಬೆಳಕಿನಲ್ಲಿ ಪೀಪಾಯಿಗಳು ಸಾಲಾಗಿ ಹೊಟ್ಟೆ ಮುಂದೆ ಮಾಡಿಕೊಂಡು ಕೂತ ಪಂಚರಂತೆ ಕಂಡವು. ಮೇಲಿನ ಮಾತು ಹಲಗೆಯ ಸಂದಿಯಿಂದ ಇಳಿದು ಬರುವಾಗ ಯಾವುದು ಬದುಕಿದವರದು ಯಾವುದು ಅಲ್ಲ ಎಂದು ಹೇಳಲಾಗದಂತಾಗಿತ್ತು. ಅವನು ತಡವುತ್ತ ಚಿಕ್ಕ ಪೀಪಾಯಿಯ ಹತ್ತಿರ ಹೋಗಿ ನಲ್ಲಿಗೆ ಹೂಜಿ ಹಿಡಿದ.

ಕತ್ತಿನ ಹಿಂದೆ ತಣ್ಣಗೆ ಏನೋ ಬಿತ್ತು.

ಅವನು ತಿರುಗಲಿಲ್ಲ. ತಿರುಗಿದರೆ ಯಾರನ್ನು ನೋಡಬೇಕಾದೀತು ಎಂಬುದು ಅವನಿಗೆ ಗೊತ್ತಿತ್ತು.

“ಮಾವಾ” ಅಂದ, ಕಣ್ಣು ಮುಚ್ಚಿಕೊಂಡೇ. “ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಇದೊಂದು ಸಲ ಕೈ ಬಿಡಬೇಡಿ. ಅವನ ಪೀಪಾಯಿ ತೊಳಿಯೋ ಹಾಗೆ ಮಾಡಬೇಡಿ.”

ಟಪ್, ಎಂದು ಕಿವಿಯ ಪಕ್ಕ ಉತ್ತರ ಬಂತು. ಅವನು ಹೂಜಿ ತುಂಬುವ ಮೊದಲೇ, ಬೀಗ ಹಾಕುವುದನ್ನೂ ಮರೆತು, ಮೆಟ್ಟಿಲಲ್ಲಿದ್ದ.

ಲೋಟಗಳಿಗೆ ಬಗ್ಗಿಸುವಾಗ ಕಣ್ಣು ಮೂಲೆಯ ಕಡೆಗೇ ಇದ್ದು ಅರ್ಧ ಮೇಜಿಗೇ ಹೋಯಿತು. ವ್ಯಾಪಾರಿ ಮೂಸಿದ. ಒಂದು ಕ್ಷಣ ತಡೆದ. ಮತ್ತೆ ಮೂಸಿದ. ಬಾಯಿಗೆ ತೆಗೆದುಕೊಂಡ. ಎಲ್ಲರೂ ಅವನು ಎದ್ದು ಬಾನಿಗೆ ಹೋಗುವುದನ್ನು ಕಾದರು. ಅವನು ಏಳಲಿಲ್ಲ. ಕಣ್ಣು ಮುಚ್ಚಿ, ನಿಧಾನವಾಗಿ, ನುಂಗಿದ.

“ಇದನ್ನ ಉಗುಳೋಕಾಗಲ್ಲ ಸ್ವಾಮಿ” ಅಂದ. “ಇದರಲ್ಲಿ ಇಡೀ ಕಣಿವೆ ಇದೆ. ಹೋದ ವರ್ಷದವರೆಗೂ ನಾನು ಕೊಂಡುಕೊಳ್ತಿದ್ದದ್ದು ಇದೇ.”

ಗುಡ್ಡದಕ್ಕ ಗುಟುಕು ಗುಟುಕಾಗಿ ಲೋಟ ಮುಗಿಸಿ ಕಣ್ಣೊರೆಸಿಕೊಂಡಳು. “ಅದ್ಹೇಗೋ ಏನೋ, ನಮ್ಮ ಗುಡ್ಡದ ಬಿಸಿಲಿನ ವಾಸನೆಯೂ ಇದೆ ಇದರಲ್ಲಿ.”

“ನಮ್ಮ ಹೊಳೆ ಮಣ್ಣಿದೆ” ಅಂದ ಹೊಳೆಯಜ್ಜ. ಅವನು ಉರುಳಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿ, ಅದರ ಮುಂದೆ ಒಂದು ಲೋಟವನ್ನಿಟ್ಟ. ಯಾರೂ ನಗಲಿಲ್ಲ.

ದೊಡ್ಡಳಿಯ ತಾನೂ ಒಂದು ಗುಟುಕು ಕುಡಿದ. ಇದು ಅವನು ಮಾಡಿದ ವೈನಲ್ಲ. ಅವನ ವೈನು ಇದರೊಳಗೆ ಎಲ್ಲೋ ಇತ್ತು, ಜಾತ್ರೆಯಲ್ಲಿ ಕಳೆದುಹೋದವನ ಹಾಗೆ. ಮಿಕ್ಕದ್ದು ಮಾವನ ಕೈಯೇ. ಬೇಡಿಕೊಂಡದ್ದನ್ನು ಕೇಳಿಸಿಕೊಂಡಿದ್ದಾರೆ. ಹೆದರಿಕೆ, ಭಕ್ತಿ, ಸಂತೋಷ ಮೂರೂ ಒಟ್ಟಿಗೆ ಬಂದು, ವ್ಯಾಪಾರಿಯ ಒತ್ತಾಯಕ್ಕೆ ಲೋಟ ಮುಗಿಸಿದ. ಯಾರ ಒತ್ತಾಯವೂ ಇಲ್ಲದೆ ಇನ್ನೊಂದು ಹಾಕಿಸಿಕೊಂಡು ಅದನ್ನೂ ಮುಗಿಸಿದ. ಮೇಜಿನ ಮೇಲೆ ಚೆಲ್ಲಿದ್ದನ್ನು ಬೆರಳಿನಿಂದ ತೆಗೆದು ನೆಕ್ಕಿದ.

ಷಡ್ಡಕ ಮೊದಲು ಹೊರಟ. ಮಿಕ್ಕವರು ಅವನ ಹಿಂದೆಯೇ ಹೊರಟರು. ಕತ್ತಲೆಯಲ್ಲಿ ಒಬ್ಬರೇ ಹೋಗಲು ಯಾರಿಗೂ ಮನಸ್ಸಿರಲಿಲ್ಲ. ಮುಂದಿನ ವರ್ಷವೂ ಇದೇ ರುಚಿ ಇರಬೇಕು, ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಬೇಡ, ಎಂದು ಹೇಳಿ ವ್ಯಾಪಾರಿ ಕೈಕುಲುಕಿದ.

ನಡುಮನೆ ಖಾಲಿಯಾಯಿತು. ದೊಡ್ಡಳಿಯ ಮೂಲೆಗೆ ಹೋಗಿ ಸ್ಟೂಲಿಗೆ ಕೈಮುಗಿದು, ತೊಳೆದಿಡೋಣವೆಂದು ಬಾನಿಯನ್ನು ಎತ್ತಿದ. ಎತ್ತಿದವನು ಹಾಗೇ ನಿಂತ.

ಬಾನಿಯ ತಳದಿಂದ ದೀಪದ ಬೆಳಕು ಕಾಣುತ್ತಿತ್ತು. ಬೆರಳು ಹೋಗುವಷ್ಟು ಗುಂಡನೆಯ ತೂತು, ಅದರ ಅಂಚಿಗೆ ಅಂಟಿದ ದ್ರಾಕ್ಷಿ ಸಿಪ್ಪೆಯ ಚೂರು. ಅದರ ನೇರಕ್ಕೆ ನೆಲದ ಹಲಗೆಯಲ್ಲಿ ಇನ್ನೊಂದು ತೂತು. ಹುಳ ತಿಂದದ್ದಲ್ಲ, ಕೊರೆದದ್ದು; ಅಂಚು ವರ್ಷಾನುಗಟ್ಟಲೆ ವೈನು ಕುಡಿದು ಕಪ್ಪಾಗಿ ನುಣುಪಾಗಿತ್ತು. ಅವನು ಬಗ್ಗಿ ಕಣ್ಣಿಟ್ಟ. ಕೆಳಗೆ ಯಾರೋ ಲಾಂದ್ರ ಹಿಡಿದಿದ್ದರು. ಚಿಕ್ಕ ಪೀಪಾಯಿಯ ಬಿರಡೆ ತೆಗೆದ ಬಾಯಿ ಅವನನ್ನೇ ನೋಡುತ್ತಿತ್ತು. ಒಂದು ಕೈ ಬಂದು ಬಿರಡೆಯನ್ನು ಒತ್ತಿ ಮುಚ್ಚಿತು. ಆ ಕೈಯಲ್ಲಿ ಅತ್ತೆಯ ಬಳೆಗಳಿದ್ದವು.

ಅತ್ತೆ ಮೆಟ್ಟಿಲು ಹತ್ತಿ ಬಂದು ಲಾಂದ್ರ ಇಳಿಸಿದರು.

“ನಿಮ್ಮದು ಕೆಟ್ಟದಾಗಿರಲಿಲ್ಲ ಅಳಿಯಂದ್ರೇ” ಅಂದರು ಸಮಾಧಾನದ ದನಿಯಲ್ಲಿ. “ಹೆಪ್ಪು ಹಾಕದ ಹಾಲಿನ ಹಾಗಿತ್ತು, ಅಷ್ಟೇ. ಮೊನ್ನೆ ರುಚಿ ನೋಡಿ ನನಗೇ ಅಯ್ಯೋ ಅನ್ನಿಸ್ತು.”

“ಎಂಜಲು, ಅತ್ತೆ.” ಅವನು ಬೀಗದ ಕೈಯನ್ನು ಮುಂದೆ ಚಾಚಿದ. “ಊರವರ ಎಂಜಲು.”

“ಅದಕ್ಕೇ ಊರವರಿಗೆಲ್ಲ ಹಿಡಿಸೋದು. ಅವರವರದ್ದು ಅವರವರಿಗೆ ಸಿಗತ್ತಲ್ಲ.” ಅತ್ತೆ ಬೀಗದ ಕೈಯನ್ನು ಅವನಿಂದ ತಿರುಗಿ ತೆಗೆದುಕೊಳ್ಳಲಿಲ್ಲ, ಅವನ ಅಂಗೈಯನ್ನೇ ಮಡಿಸಿದರು. “ಈ ಚಿಕ್ಕ ಪೀಪಾಯೀದು ನಾಳೆ ಎಲ್ಲಾ ಪೀಪಾಯಿಗೂ ಸ್ವಲ್ಪ ಸ್ವಲ್ಪ ಹಾಕಿ. ಮುಂದಿನ ವರ್ಷದಿಂದ ಸ್ಟೂಲಿನ ಮೇಲೆ ನೀವೇ ಕೂತ್ಕೊಳ್ಳಿ. ಅವರಿದ್ದಾಗ ಸದ್ದು ಬಂದಾಗೆಲ್ಲ ಕೆಮ್ಮೋರು. ನೀವೂ ಕೆಮ್ಮೋದು ಕಲೀರಿ.”

ದೊಡ್ಡಳಿಯನಿಗೆ ಸಂಜೆ ಕುಡಿದ ಎರಡು ಲೋಟ ನೆನಪಾಯಿತು. ಷಡ್ಡಕನ ಮೀಸೆ ನೆನಪಾಯಿತು. ಮದುವೆಯಾದಂದಿನಿಂದ ಈ ಮನೆಯಲ್ಲಿ ಪ್ರತಿ ದಿನ ಊಟದ ಜೊತೆ, ಚಪ್ಪರಿಸಿ, ಇನ್ನಷ್ಟು ಕೇಳಿ ಹಾಕಿಸಿಕೊಂಡದ್ದೆಲ್ಲ ಒಂದೊಂದಾಗಿ ಗಂಟಲವರೆಗೆ ಬಂದು ನಿಂತಿತು.

“ಕೈಕಾಲು ತೊಳ್ಕೊಂಡು ಬನ್ನಿ. ಎಲ್ಲರೂ ಊಟಕ್ಕೆ ಕಾಯ್ತಿದಾರೆ. ವೈನು ಹಾಕ್ಲಾ?”

“ನೀರು ಸಾಕು ಅತ್ತೆ.”

ಅತ್ತೆ ಮೊದಲ ಸಲ ಅವನನ್ನು ಮನೆಯ ಮಗನಂತೆ ನೋಡಿದರು.

“ನಮ್ಮಪ್ಪ ಬೀಗದ ಕೈ ಕೊಟ್ಟ ದಿವಸ ನಿಮ್ಮ ಮಾವನವರೂ ಹೀಗೇ ಅಂದಿದ್ರು” ಅಂದರು. “ಸಾಯೋವರೆಗೂ ನೀರೇ ಕುಡಿದ್ರು.”