ಬುದ್ಧಿವಂತೆಗೆ ಬಾಡಿಗೆ ಮನೆ

ಪತ್ರಿಕೆಯವರು ನನ್ನ ಅಂಕಣದಲ್ಲಿ ಫೋಟೊ ಹಾಕಿ, ಕೆಳಗೆ ‘ಅಸಾಧಾರಣ ಬುದ್ಧಿಮತ್ತೆಯ ಲೇಖಕಿ’ ಎಂದು ಅಚ್ಚು ಮಾಡಿದಂದಿನಿಂದ ನನಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಯಾವತ್ತೋ ಬರೆದ ಬುದ್ಧಿಪರೀಕ್ಷೆಯಲ್ಲಿ ಅಂಕ ಜಾಸ್ತಿ ಬಂದದ್ದೇ ಅಪರಾಧ. ಈಚೆಗೆ ಬಾಡಿಗೆ ಮನೆ ಹುಡುಕಿದ್ದನ್ನು ನೆನೆದರಂತೂ ಈಗಲೂ ಮೈ ಉರಿಯುತ್ತದೆ. ಶಿವಮೊಗ್ಗದಲ್ಲಿ ನಾವಿದ್ದ ಮನೆಯನ್ನು ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕಿತ್ತು.

ರಾಗಿಗುಡ್ಡದ ಅಭಿಮಾನಿ

ರಾಗಿಗುಡ್ಡದ ಹತ್ತಿರದ ಮನೆ ಚೆನ್ನಾಗಿತ್ತು. ಮಾಲೀಕರು ಎದ್ದು ನಿಂತು ಕೈಮುಗಿದರು, ವಾರವಾರ ನನ್ನ ಅಂಕಣ ಓದುವುದಾಗಿ ಹೇಳಿದರು, ಕಾಫಿ ಕೊಟ್ಟರು. ಮನೆ ಮಾತ್ರ ಕೊಡಲಿಲ್ಲ. ಯಾಕೆಂದು ಕೇಳಿದೆ.

“ನೀವು ಕಾನೂನು ಗೀನೂನು ಎಲ್ಲಾ ತಿಳ್ಕೊಂಡಿರ್ತೀರಿ ಮೇಡಂ. ಆಮೇಲೆ ಮನೆ ಬಿಡಿಸೋದು ಕಷ್ಟ. ಸ್ವಲ್ಪ ದಡ್ಡರಾದ್ರೆ ನಮಗೆ ಅನುಕೂಲ.”

ವಾರವಾರ ಓದಿ ಕಲಿತದ್ದು ಇಷ್ಟು.

ಭದ್ರಾವತಿಯ ವಾಸ್ತು

ಬ್ರೋಕರ್ ನನ್ನನ್ನೂ ನಮ್ಮ ಯಜಮಾನರನ್ನೂ ಭದ್ರಾವತಿ ನ್ಯೂಟೌನಿಗೆ ಕರೆದೊಯ್ದ. ಅಲ್ಲಿನ ಮನೆಯೊಡತಿಗೆ ತನ್ನ ಮನೆಯ ವಾಸ್ತುವಿನ ಬಗ್ಗೆ ಹೇಳಿದಷ್ಟೂ ಸಾಲದು. ಅದರ ಈಶಾನ್ಯದ ಕೋಣೆಯಲ್ಲಿ ಓದಿದ ಬಾಡಿಗೆದಾರರ ಮಕ್ಕಳೆಲ್ಲ ಪಾಸಂತೆ. ಮಕ್ಕಳು ಓದಿದ್ದರಿಂದಲೂ ಪಾಸಾಗಿರಬಹುದು ಎಂದೆ. ಆಕೆಗೆ ಅದು ಹಿಡಿಸಲಿಲ್ಲ.

“ನಿಮಗೆ ಮೊದ್ಲೇ ಬೇಕಾದಷ್ಟು ಬುದ್ಧಿ ಇದೆಯಲ್ಲಮ್ಮ. ಇಂಥ ಮನೆ ನಿಮಗೆ ಕೊಟ್ರೆ ವೇಸ್ಟ್,” ಎಂದು ಬೀಗ ಹಾಕಿಯೇಬಿಟ್ಟಳು.

ವಾಪಸು ಬರುವಾಗ ನಮ್ಮ ಯಜಮಾನರು ಆಕೆ ಹೇಳಿದ್ದರಲ್ಲೂ ನ್ಯಾಯವಿದೆ ಎಂದರು. ಶಿವಮೊಗ್ಗ ಮುಟ್ಟುವ ತನಕ ನಾನು ಅವರ ಜೊತೆ ಮಾತಾಡಲಿಲ್ಲ.

ವಿನೋಬನಗರದಲ್ಲಿ ಹಾಲು ಉಕ್ಕಿಸಿದ್ದು

ಕಡೆಗೆ ವಿನೋಬನಗರದಲ್ಲಿ ವಯಸ್ಸಾದ ದಂಪತಿ ಒಪ್ಪಿದರು, ಅದೂ ಪತ್ರಿಕೆಯ ಆ ಬಿರುದು ಓದಿ ಅಳುಕುತ್ತಾ, ಅರೆಮನಸ್ಸಿನಿಂದ. ಹಾಲು ಉಕ್ಕಿಸಿ, ಎರಡು ತಿಂಗಳು ನೋಡೋಣ, ಸರಿಹೋಗದಿದ್ದರೆ ಬಿಡಬೇಕು ಎಂದಿದ್ದರು. ಇದೂ ತಪ್ಪಿದರೆ ನಮಗೆ ಬೀದಿಯೇ ಗತಿ.

ಹಾಲು ಉಕ್ಕಿಸುವ ಬೆಳಿಗ್ಗೆ ಆ ದಂಪತಿ ಅಡುಗೆಮನೆಯಲ್ಲಿ ಪರೀಕ್ಷಕರಂತೆ ನಿಂತರು. ನಾನು ಒಲೆಗೆ ಕುಂಕುಮ ಹಚ್ಚಿ, ಹಾಲಿನ ಪಾತ್ರೆಯಿಟ್ಟು ಲೈಟರ್ ಒತ್ತಿದೆ. ಹತ್ತಲಿಲ್ಲ. ಗಾಳಿಯೆಂದು ಕಿಟಕಿ ಮುಚ್ಚಿಸಿದೆ. ಆಗಲೂ ಹತ್ತಲಿಲ್ಲ. ತೇವಕ್ಕೆ ಲೈಟರಿನ ಕಿಡಿ ಹೇಗೆ ಸೊರಗುತ್ತದೆಂದು ವಿವರಿಸಿದೆ. ಯಜಮಾನಿತಿ ಬೆಂಕಿಪೊಟ್ಟಣ ತಂದರು. ಕಡ್ಡಿ ಉರಿದು ಬೆರಳು ಸುಟ್ಟಿತೇ ಹೊರತು ಒಲೆ ಉರಿಯಲಿಲ್ಲ. ಪಿನ್ನಿನಿಂದ ಬರ್ನರಿನ ತೂತುಗಳನ್ನು ಬಿಡಿಸುತ್ತಾ, ಅಲ್ಲಿ ಮಸಿ ಕಟ್ಟುವ ಬಗೆಯನ್ನೂ ತಿಳಿಸಿದೆ. ಇಬ್ಬರೂ ಭಯಭಕ್ತಿಯಿಂದ ತಲೆಯಾಡಿಸಿದರು.

ಅಷ್ಟರಲ್ಲಿ ಲಗೇಜ್ ಆಟೊದಿಂದ ಸಾಮಾನು ಇಳಿಸುತ್ತಿದ್ದ ನಮ್ಮ ಯಜಮಾನರು ಗ್ಯಾಸ್ ಸಿಲಿಂಡರ್ ಹೊತ್ತು ಒಳಗೆ ಬಂದರು.

“ಇದನ್ನ ಎಲ್ಲಿಡ್ಲಿ ಮಾರಾಯ್ತಿ?”

ಮನೆ ಮಾಲೀಕರು ಹೆಂಡತಿಯ ಮುಖ ನೋಡಿದರು. ಆಮೇಲೆ, ನಿರಾಳವಾಗಿ ಉಸಿರು ಬಿಟ್ಟು ನನ್ನ ಕಡೆ ತಿರುಗಿದರು.

“ನಾವು ಸುಮ್ನೆ ಹೆದರಿದ್ವಿ ಕಣಮ್ಮ. ಎಷ್ಟು ವರ್ಷ ಬೇಕಾದ್ರೂ ಇರಿ.”